ಚಿಟಿಕೆ ಮದ್ದು

ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ. ನವೆಂಬರ್ ೯, ಶನಿವಾರ. ಕೋವಿಯಂಗಡಿಯಿಂದ ಈಗಷ್ಟೇ ಬಂದೆ.

ಹಾರ್ಲನ್,

ಕೈಯಾರೆ ಜೋಡಿಸಲೆಂದು ಚಕಮಕಿ ಕೋವಿಯ ನನ್ನ ಮೊದಲ ಕಿಟ್ ಕೊಂಡೆ. ನಾನು ಕೇಳಿದ್ದು ಬರೀ ಮರದ ದಿಮ್ಮಿಯಿಂದ ಶುರುಮಾಡುವಂಥದ್ದನ್ನು. ಅಂಗಡಿಯ ಮುದುಕ ಓರಿ ಬಿಡಲಿಲ್ಲ.

"ಅದಕ್ಕೆ ನಳಿಗೆ ಕೂರಿಸೋಕೇ ನಿಂಗೆ ಎರಡು ಚಳಿಗಾಲ ಬೇಕು ಮಾರಾಯ. ಕೂರಿಸಿರೋದನ್ನೇ ತಗೋ. ಆಮೇಲೆ, ಕಿಡಿ ಬೀಳೋ ಬಟ್ಟಲಿಗೆ ಚಿಟಿಕೆ ಮದ್ದು ಸಾಕು. ಹಾರ್ಲನ್ ಥರ ತುಂಬಿಸ್ಕೊಂಡು ಕಣ್ಣು ಕಳ್ಕೋಬೇಡ!"

ಅಂಗಡಿಯಲ್ಲಿ ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಿನ್ನ ಕಣ್ಣು ಹೋದ ದಿನ ಬಟ್ಟಲು ತುಂಬಿ ಕೋವಿಯನ್ನು ನಿನ್ನ ಕೈಗಿತ್ತವನು ನಾನು. ನೀನು ಅದನ್ನು ಯಾರಿಗೂ ಹೇಳದೆ ಈ ವಸಂತದಲ್ಲಿ ತೀರಿಕೊಂಡೆ.

ಕಿಟ್‌ನ ಪೆಟ್ಟಿಗೆ ಮೇಜಿನ ಮೇಲಿದೆ, ಬಿಚ್ಚಿಲ್ಲ. ಬರುವ ಶನಿವಾರ ಅವರೆಲ್ಲ ಮತ್ತೆ ಅಲ್ಲಿ ಸೇರುತ್ತಾರೆ. ಮದ್ದು ಸುರಿದದ್ದು ಯಾರೆಂದು ಅವರ ಮುಂದೆ ಹೇಳುತ್ತೇನೆ.