ಎಕ್ಸ್ ಅಂದರೆ ಐವತ್ತು

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಕ್ಯಾಬಿನ್ ಬೀಗ ತೆಗೆದೆ, ಗಾಜು ಒರೆಸಿದೆ, ಒರೆಸಿ ಮುಗಿಸುವಷ್ಟರಲ್ಲಿ ಮತ್ತೆ ಧೂಳು. ಜಲ್ಲಿ ಕ್ರಷರ್ ಪಕ್ಕ ಕೂತವಳು ಧೂಳಿನ ಮೇಲೆ ಸಿಟ್ಟು ಮಾಡಿಕೊಂಡರೆ ಏನು ಬಂತು. ಟಿಪ್ಪರ್‌ಗಳು ಸಾಲುಗಟ್ಟಿ ನಿಂತಿದ್ದವು. ಖಾಲಿ ಬರುತ್ತವೆ, ಗಾಡಿ ತೂಗುವ ನನ್ನ ವೇಬ್ರಿಡ್ಜ್ ದಾಟಿ ಹಾಪರ್ ಕೆಳಗೆ ಹೋಗುತ್ತವೆ, ಮೇಲಿನಿಂದ ಜಲ್ಲಿ ಸುರಿಯುತ್ತದೆ, ತುಂಬಿಕೊಂಡು ವಾಪಸ್ ಬರುತ್ತವೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆ. ಚೀಟಿ ಹರಿ. ಮುಂದಿನವನು. ಇಷ್ಟು ವರ್ಷ ಇದನ್ನು ಬರೀ ಕಳೆಯುವ ಲೆಕ್ಕ ಅಂದುಕೊಂಡಿದ್ದೆ. ಸಮೀಕರಣವಂತೆ!

ಹಾಗಂದವಳು ಮಗಳು. ತಾನಿನ್ನೂ ಒಂಬತ್ತನೇ ಕ್ಲಾಸು, ಆದರೆ ಜೂನ್‌ನ ಹತ್ತನೇ ಕ್ಲಾಸ್ ಪರೀಕ್ಷೆಗೆ ಪ್ರೈವೇಟಾಗಿ ಕಟ್ಟಿರುವ ನನಗೆ ಅವಳೇ ಮೇಷ್ಟ್ರು. ಬೆತ್ತ ಒಂದಿಲ್ಲ, ಅಷ್ಟೇ.

"ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತ ಹೆಸರಿಡಮ್ಮ. ಗೊತ್ತಿರೋದನ್ನೆಲ್ಲ ಆ ಕಡೆ ತಳ್ಳು. ಉಳಿದದ್ದೇ ಎಕ್ಸ್."

ಕೆಲಸದ ಜಾಗದಲ್ಲಿ ಕಂಡದ್ದರಲ್ಲೇ ದಿನಕ್ಕೊಂದು ಸಮೀಕರಣ ಬರೆಯಬೇಕು ಎಂದು ಆರ್ಡರ್. ಅವಳಿಗೆ ತೋರಿಸುವ ನೋಟ್‌ಬುಕ್ ಬೇರೆ. ಇದು ನನ್ನದು.

ಅತ್ತೆ ಗೋಡೆಗೆ ಒರಗಿ ನೋಡುತ್ತಿದ್ದರು. "ಈ ವಯಸ್ಸಲ್ಲಿ ಎಕ್ಸು ವೈ ಕಲ್ತು ಯಾವ ರಾಜ್ಯ ಆಳ್ಬೇಕಮ್ಮಾ ನೀನು?" ಮೈಯೆಲ್ಲ ಉರಿಯಿತು. ನೋಟ್‌ಬುಕ್ ಎತ್ತಿಟ್ಟು ಅನ್ನಕ್ಕೆ ಇಟ್ಟೆ. ಮನೆಯಲ್ಲಿರುವುದೇ ಮೂರು ಜನ, ಅದರಲ್ಲಿ ಇಬ್ಬರು ಮಾತು ಬಿಟ್ಟರೆ ಮಗಳು ಗೋಡೆ ಜೊತೆ ಮಾತಾಡಬೇಕಾಗುತ್ತದೆ.

ಅತ್ತೆಗೂ ಅಲ್ಲೇ ಕೆಲಸ. ಟಿಪ್ಪರ್ ತೊಟ್ಟಿ ಗುಡಿಸುವುದು. ದಪ್ಪ ಜಲ್ಲಿ ಹೊತ್ತ ಗಾಡಿಗೆ ಸಣ್ಣ ಜಲ್ಲಿ ಹಾಕಬೇಕಾದರೆ ಒಳಗಿನ ಹಳೆಯದೆಲ್ಲ ಚೊಕ್ಕಟವಾಗಬೇಕು. ಗುಡಿಸಿ, ಇಳಿದು, ತಗಡಿಗೆ ಎರಡು ಸಲ ಬಡಿಯುತ್ತಾರೆ. ಧಡ್ ಧಡ್. ಅಂದರೆ ಒಳಗೆ ಯಾರೂ ಇಲ್ಲ, ಹೊರಡು. ಡ್ರೈವರ್‌ಗಳು ಕೇಳಿಸಿಕೊಳ್ಳುತ್ತಾರೆ, ಹೊರಡುತ್ತಾರೆ. ತಿರುಗಿ ನೋಡುವ ಪದ್ಧತಿ ಇಲ್ಲ.

ಮಾರ್ಚ್ 9, ಭಾನುವಾರ

ಮಗಳು ಊಟದ ಡಬ್ಬಿ ತಂದಳು. ಸುಮ್ಮನೆ ಹೋಗಬೇಕಲ್ಲ... ಅಜ್ಜಿಯ ತೂಕ ನೋಡಬೇಕಂತೆ.

"ನಾನೇನು ಮೂಟೇನಾ? ಹೋಗೇ."

"ನಾನೂ ಜೊತೆಗೆ ನಿಲ್ತೀನಿ ಅಜ್ಜಿ, ಬಾ."

ಕೈಹಿಡಿದು ಎಳೆದೊಯ್ದಳು. ಅಷ್ಟಗಲದ ಕಬ್ಬಿಣದ ಹಾಸಿನ ಮೇಲೆ ಇಬ್ಬರೂ ಗುಬ್ಬಚ್ಚಿಗಳ ಹಾಗೆ. ನನ್ನ ಮಷೀನು ಹತ್ತು ಹತ್ತು ಕೆಜಿಗೆ ಮಾತ್ರ ಬದಲಾಗುತ್ತದೆ. ತೊಂಬತ್ತು ತೋರಿಸಿತು. ಮಗಳು ನಲವತ್ತು. ಅಲ್ಲಿಂದಲೇ ಕಿರುಚಿದಳು, "ಸಮೀಕರಣ ಹೇಳಮ್ಮಾ!"

x + 40 = 90
x = 50

ಸರಿ ಎಂದಳು. ನಾನು ಮಾತ್ರ ಆ ಐವತ್ತನ್ನೇ ನೋಡುತ್ತಾ ಉಳಿದೆ. ಹೋದ ವರ್ಷ ಆಸ್ಪತ್ರೆಯಲ್ಲಿ ತೂಗಿದಾಗ ಅತ್ತೆಯದು ಅರವತ್ತು ದಾಟಿತ್ತು. ಒಂದೇ ಮನೆ, ಒಂದೇ ಒಲೆ, ದಿನಾ ಎದುರಿಗೇ ಕೂತು ಉಣ್ಣುತ್ತೇವೆ. ಇಷ್ಟು ಸೊರಗಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲವೇ?

ಅತ್ತೆ ಸೊಂಟಕ್ಕೆ ಕೈಯಿಟ್ಟು, "ಐವತ್ತೇನಾ? ಎಲ್ಲಾ ನನ್ನ ಸೊಸೆ ಕೈರುಚಿ" ಎಂದರು. ಸುತ್ತ ನಿಂತವರೆಲ್ಲ ನಕ್ಕರು.

ಹಾರ್ನ್‌ಗೂ ಆಸೆ ಹುಟ್ಟಿತು. ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಮುಂದೆ ನೊಣ ಹಾರಿದರೂ ಹಾರ್ನ್ ಹೊಡೆಯುವ ಡ್ರೈವರ್. "ಅಕ್ಕಾ, ನನ್ ಎಕ್ಸೂ ಕಂಡುಹಿಡೀರಿ. ಎಂಬತ್ತಿದ್ದೆ. ಬೆಳಗ್ಗೆ ಓಡೋಕೆ ಶುರು ಮಾಡಿದ್ಮೇಲೆ ಇಳಿದಿದೀನಿ." ಒಂದು ದಿನ ಗಾಡಿ ಸಮೇತ ತೂಗೋಣ ಎಂದೆ.

ಮಾರ್ಚ್ 12, ಬುಧವಾರ

ಮ್ಯಾನೇಜರ್ ಕೈಲಿ ಬೈಸಿಕೊಂಡೆ. ದಿನಾ ಬರುವ ಗಾಡಿಗಳ ಖಾಲಿ ತೂಕ ಗೋಡೆ ಮೇಲಿನ ಪಟ್ಟಿಯಲ್ಲೇ ಇದೆ. ಅವನ್ನು ಮತ್ತೆ ಖಾಲಿ ತೂಗಬಾರದು. "ಹಳೇ ತೂಕಾನೇ ಬರೀರಿ ಅಂದ್ರೆ ಅರ್ಥ ಆಗಲ್ವಾ? ಸಾಲು ಗೇಟ್ ದಾಟಿ ಹೋಗಿದೆ."

ಪಟ್ಟಿ ಬರೆದವಳು ನಾನೇ. ಅಕ್ಷರ ಮಾಸಿದೆ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ. ಆಸ್ಪತ್ರೆ ಬೆಂಚು

ಬದುಕಿದ್ದಾರೆ. ಮೊದಲು ಅದನ್ನು ಬರೆಯುತ್ತೇನೆ. ಅತ್ತೆ ಬದುಕಿದ್ದಾರೆ.

ಮಗಳು ಇನ್ನೂ ಸ್ಕೂಲಿನಲ್ಲಿ. ಯಾರ ಹತ್ತಿರ ಹೇಳಲಿ? ಚೀಲದಲ್ಲಿ ಈ ಪುಸ್ತಕವಿತ್ತು.

ಬೆಳಗ್ಗೆ ಹಾರ್ನ್ ಗಾಡಿ ಬಂತು. ಮ್ಯಾನೇಜರ್ ಆಫೀಸಿನಲ್ಲಿರಲಿಲ್ಲ. ಇದೇ ಸಮಯ, ಇವನ ಎಕ್ಸ್ ಕಂಡುಹಿಡಿದೇಬಿಡೋಣ, ಸಂಜೆ ಮೇಷ್ಟ್ರಿಗೆ ತೋರಿಸೋಣ ಎಂದು ಕೈ ಅಡ್ಡ ಹಿಡಿದು ಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಗಾಡಿಯ ಖಾಲಿ ತೂಕ 9,400. ಡ್ರೈವರ್ ಇಲ್ಲದೆ ತೂಗಿದ್ದು.

9,400 + x = 9,530
x = 130

ನೂರಮೂವತ್ತು! ಗಾಜು ಸರಿಸಿ ಕೂಗಿದೆ, "ಏನಪ್ಪಾ, ಓಡೋಡ್ತಾ ದಾರೀಲಿ ಸಿಕ್ಕಿದ್ದೆಲ್ಲ ತಿಂದ್ಯಾ? ನೂರಮೂವತ್ತು ಕೆಜಿ!" ಹಿಂದಿನ ಗಾಡಿಯವರೂ ಬಿದ್ದು ಬಿದ್ದು ನಕ್ಕರು. ಹಾರ್ನ್ ತಲೆ ಚಚ್ಚಿಕೊಂಡ. "ನಿಮ್ ಲೆಕ್ಕಕ್ಕಿಷ್ಟು! ಅಕ್ಕಾ, ನೀವು ಪಾಸಾದ ಹಾಗೇ ಇದೆ." ಪೇಂ ಪೇಂ ಎಂದು ಹೊಡೆದು ಹೊರಟುಹೋದ. ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆ ನಾನು. ನಗುತ್ತಿದ್ದೆ. ಅದು ನೆನಪಾದರೆ...

ಉತ್ತರ ವಿಚಿತ್ರ ಬಂದರೆ ವಾಪಸ್ ಹಾಕಿ ನೋಡು ಎಂದು ಮಗಳ ಪಾಠ. ಹಾಕಿದೆ. ಕೂಡಿದರೆ ಸರಿಯಾಗಿಯೇ ಬರುತ್ತದೆ. ಹಾಗಾದರೆ ಹೆಚ್ಚಿಗೆ ಏನಿದೆ ಗಾಡಿಯಲ್ಲಿ? ಡೀಸೆಲ್? ಇಲ್ಲ, ಖಾಲಿ, ಲೋಡಾದ ಮೇಲೆ ಹಾಕಿಸಬೇಕು ಎಂದು ಅವನೇ ಗೊಣಗಿದ್ದ. ಹಳೇ ಜಲ್ಲಿ? ಈಗಷ್ಟೇ ಅತ್ತೆ ಗುಡಿಸಿದ್ದಾರೆ. ಇವನು ಎಂಬತ್ತು, ಓಡಿ ಇಳಿದಿದ್ದರೂ ಒಂದೆರಡು ಕೆಜಿ.

80 + x = 130

ಐವತ್ತು.

ಭಾನುವಾರದ ಐವತ್ತು. ಅತ್ತೆ ಇಳಿದದ್ದು ನಾನು ನೋಡಿಲ್ಲ. ಕಿಟಕಿಯಾಚೆ ನೋಡಿದೆ: ಅವರು ಕೂರುವ ಕಲ್ಲಿನ ಮೇಲೆ ನೀರಿನ ಬಾಟಲಿ ಇದೆ, ಅವರಿಲ್ಲ. ಗಾಡಿ ಆಗಲೇ ಹಾಪರ್ ಕೆಳಗೆ ನಿಂತಿದೆ. ಕೂಗಿದೆ. ಕ್ರಷರ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೇಲಿನ ಆಪರೇಟರ್ ಕಿವಿಗೆ ಮುಚ್ಚಳ ಹಾಕಿಕೊಂಡಿರುತ್ತಾನೆ.

ಗೋಡೆಯಲ್ಲಿ ಕೆಂಪು ಬಟನ್ ಇದೆ. ಒತ್ತಿದರೆ ಸೈರನ್ ಕೂಗಿ ಹಾಪರ್ ಬಾಯಿ ಮುಚ್ಚಬೇಕು. ಇಷ್ಟು ವರ್ಷದಲ್ಲಿ ಯಾರೂ ಒತ್ತಿಲ್ಲ. ಅದರ ಮೇಲೆ ನನ್ನ ಛತ್ರಿ ನೇತುಹಾಕುತ್ತಿದ್ದೆ. ಛತ್ರಿ ಕಿತ್ತೆಸೆದು ಒತ್ತಿದೆ. ಎರಡೂ ಕೈಯಲ್ಲಿ ಒತ್ತಿದೆ. ಅಷ್ಟರಲ್ಲಿ ಜಲ್ಲಿ ಬೀಳುವ ಸದ್ದು ಶುರುವಾಗಿತ್ತು. ಆಮೇಲೆ ಸೈರನ್. ಆಮೇಲೆ ಎಲ್ಲ ನಿಂತಿತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ. ತೊಟ್ಟಿಯ ಏಣಿ ಹತ್ತಿ ಇಣುಕಿದರೆ ಬರೀ ಬೂದು ಧೂಳು, ನಡುವೆ ಒಂದು ಗುಡ್ಡೆ. ಏನೂ ಕಾಣಲಿಲ್ಲ. ಮುಗಿಯಿತು ಅಂದುಕೊಂಡೆ. ಆಗ ಮುಂದಿನ ಮೂಲೆಯಿಂದ ಕೆಮ್ಮು. ಅತ್ತೆಯ ಕೆಮ್ಮು! ಗೋಡೆ ಮರೆಯಲ್ಲಿ ಕಾಲು ಚಾಚಿ ಒರಗಿದ್ದಾರೆ. ಎಡಗಾಲು ಪಾದದಿಂದ ಮೊಣಕಾಲಿನವರೆಗೆ ಜಲ್ಲಿಯೊಳಗೆ. ಮುಖ, ಕೂದಲು, ರೆಪ್ಪೆ, ಎಲ್ಲ ಬೂದು. ಆ ಬೂದು ಮುಖದಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ಡಾಕ್ಟರ್ ಕರೆಯುತ್ತಿದ್ದಾರೆ.

ಮಾರ್ಚ್ 15, ಶನಿವಾರ

ಏನೂ ಬರೆಯಲಾರೆ.

ಮಾರ್ಚ್ 18, ಮಂಗಳವಾರ

ಪಾದದ ಮೂಳೆ ಮೂರು ಕಡೆ ಮುರಿದಿದೆ. ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಗುಡಿಸುವಾಗ ತಲೆ ಸುತ್ತಿತಂತೆ. ಒಂದು ಗಳಿಗೆ ನೆರಳಿನಲ್ಲಿ ಕೂರೋಣ ಎಂದು ಕೂತವರಿಗೆ ಕಣ್ಣು ಕತ್ತಲೆ ಬಂದಿದೆ. "ಕಣ್ಣು ಬಿಟ್ರೆ ಮೇಲೆ ಆಕಾಶಾನೇ ಇರ್ಲಿಲ್ಲ ಕಣೇ. ಕಬ್ಬಿಣದ ಬಾಯಿ ಇತ್ತು." ಇಷ್ಟನ್ನೇ ಬಂದವರಿಗೆಲ್ಲ ಹೇಳುತ್ತಾರೆ. ಪ್ರತಿ ಸಲವೂ ನಾನು ಎದ್ದು ಒಲೆ ಕಡೆ ಹೋಗುತ್ತೇನೆ.

ಹಾರ್ನ್ ಬಂದಿದ್ದ. ಒಳಗೆ ಕರೆದರೂ ಬಾರದೆ ಹೊಸ್ತಿಲಲ್ಲೇ ಕುಸಿದು ಕೂತ. "ಎರಡು ಸಲ ಬಡಿದದ್ದು ಕೇಳಿಸ್ತು ಅಕ್ಕಾ. ನನ್ನ ಮಕ್ಕಳಾಣೆ ಕೇಳಿಸ್ತು." ಕೇಳಿಸಿದ್ದು ಸುಳ್ಳಲ್ಲ. ಪಕ್ಕದ ಗಾಡಿಗೆ ಗುಡಿಸುವ ಇನ್ನೊಬ್ಬಳು ಬಡಿದಿದ್ದಾಳೆ. ಇಷ್ಟು ವರ್ಷ ಎಲ್ಲರ ಜೀವವೂ ಆ ಧಡ್ ಧಡ್ ಸದ್ದಿನ ಮೇಲೆ ನಿಂತಿತ್ತು. ಯಾವ ಗಾಡಿಯದು ಎಂದು ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅತ್ತೆ ಒಳಗಿನಿಂದಲೇ ಕೂಗಿದರು, "ಅಳ್ಬೇಡ ಹೋಗೋ. ನಾನು ಹಗುರ ಅಂತ ನಿಂಗೆ ಗೊತ್ತಾಗ್ಲಿಲ್ಲ. ಇನ್ಮೇಲೆ ದಪ್ಪ ಆಗ್ತೀನಿ." ಅವನು ಇನ್ನೂ ಜೋರಾಗಿ ಅತ್ತ.

ಮಾರ್ಚ್ 19, ಬುಧವಾರ

ನಿನ್ನೆ ಮಗಳು ನೋಟ್‌ಬುಕ್ ತೆಗೆದು ಕೂತಳು. "ಒಂದು ಸುಲಭದ್ದು ಮಾಡೋಣ್ವಾ ಅಮ್ಮ?" x ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ. ಆ ಅಕ್ಷರದ ಕೆಳಗೆ ಯಾರೋ ಕೂತಿರುವ ಹಾಗೆ ಅನ್ನಿಸುತ್ತದೆ. ಅವಳು ಪುಸ್ತಕ ಮುಚ್ಚಿ ನನ್ನನ್ನು ತಬ್ಬಿಕೊಂಡಳು. ಮೇಷ್ಟ್ರಾದರೂ ಮಗು.

ಮಾರ್ಚ್ 24, ಸೋಮವಾರ

ಕೆಲಸಕ್ಕೆ ಹೋದೆ. ಪಟ್ಟಿ ಕಿತ್ತುಹಾಕಿರುತ್ತಾರೆ, ಮ್ಯಾನೇಜರ್ ಏನಾದರೂ ಒಳ್ಳೆ ಮಾತಾಡುತ್ತಾರೆ ಅಂದುಕೊಂಡಿದ್ದೆ. ಮಾತಾಡಿದರು.

"ಸೈರನ್ ಒತ್ತಿದ್ದಕ್ಕೆ ಅರ್ಧ ದಿನ ಲೋಡಿಂಗ್ ನಿಂತೋಯ್ತು. ಸರಿ, ಆಗಿದ್ದಾಯ್ತು. ಯಾರೂ ಸತ್ತಿಲ್ವಲ್ಲ."

"ಸತ್ತಿಲ್ಲ ಸಾರ್. ಯಾಕೆ ಸತ್ತಿಲ್ಲ ಗೊತ್ತಾ? ನೀವು ಬೇಡ ಅಂದ ತೂಕ ತಗೊಂಡಿದ್ದಕ್ಕೆ."

"ಅದು ಅದೃಷ್ಟ ಕಣಮ್ಮ."

ಅದೃಷ್ಟವಂತೆ! 9,400 ಕಳೆ, 80 ಕಳೆ. ಇದರಲ್ಲಿ ಅದೃಷ್ಟ ಎಲ್ಲಿದೆ? ಪಟ್ಟಿಗೆ ಹೊಸ ಹಾಳೆ ಅಂಟಿಸಿದ್ದಾರೆ. ಅದೇ ಹಳೇ ತೂಕ, ಈಗ ಪ್ರಿಂಟ್ ಮಾಡಿದ ಅಕ್ಷರದಲ್ಲಿ. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಕೋಪಕ್ಕೆ ಒಂದು ಲೋಟ ನೆಲಕ್ಕೆ ಕುಕ್ಕಿದೆ. ಸ್ಟೀಲಿನದು. ತಗ್ಗಾಯಿತು.

ಏಪ್ರಿಲ್ 2, ಬುಧವಾರ

ಒಂದೊಂದು ಖಾಲಿ ಗಾಡಿಯನ್ನೂ ನಿಲ್ಲಿಸಿ, ಡ್ರೈವರ್ ತೂಕ, ಡೀಸೆಲ್ ಕೇಳಿ, ಕಳೆದು ನೋಡುತ್ತಿದ್ದೇನೆ. ಕ್ಯಾಬಿನ್ ಬಿಟ್ಟು ಏಣಿ ಹತ್ತಿ ಇಣುಕುವ ಹಾಗಿಲ್ಲ. ಬೈಸಿಕೊಳ್ಳುತ್ತೇನೆ, ಮತ್ತೆ ನಿಲ್ಲಿಸುತ್ತೇನೆ. ಉದ್ದ ಹಾರ್ನ್, ಬೈಗುಳ. ಬೈಯದವನು ನಮ್ಮ ಹಾರ್ನ್ ಒಬ್ಬನೇ. ಅವನು ಹಾರ್ನ್ ಹೊಡೆಯುವುದನ್ನೇ ಬಿಟ್ಟಿದ್ದಾನೆ.

ಸಂಜೆ ಮನೆಗೆ ಬಂದರೆ ಅತ್ತೆಯದು ಒಂದೇ ಪ್ರಶ್ನೆ. "ಇವತ್ತು ಎಕ್ಸ್ ಎಷ್ಟು ಬಂತೇ?"

"ಎಲ್ಲಾ ಸೊನ್ನೆ ಅತ್ತೆ."

"ಸೊನ್ನೆ ಅಂದ್ರೆ ಎಲ್ರೂ ಕೆಳಗಿದಾರೆ ಅಂತ ತಾನೇ?"

"ಹೂಂ."

"ಹಾಗಾದ್ರೆ ಅನ್ನ ಹಾಕು. ಇವತ್ತು ಎರಡು ಸಲ ಹಾಕಿಸ್ಕೋತೀನಿ."

ಯಾವ ರಾಜ್ಯ ಆಳಬೇಕು ಎಂದು ಕೇಳಿದ್ದ ಬಾಯಿ! ತಟ್ಟೆ ಮುಂದಿಟ್ಟು ಅಡುಗೆಮನೆಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಏಪ್ರಿಲ್ 5, ಶನಿವಾರ

ಮ್ಯಾನೇಜರ್ ಕೊನೆ ಮಾತು ಹೇಳಿದರು. ಸೋಮವಾರ ತಾವೇ ಕ್ಯಾಬಿನ್‌ಗೆ ಬಂದು ನಿಲ್ಲುತ್ತಾರೆ. ಪಟ್ಟಿಯಲ್ಲಿರುವ ಒಂದೇ ಒಂದು ಖಾಲಿ ಗಾಡಿ ನಿಲ್ಲಿಸಿದರೂ ಅವತ್ತೇ ಬೀಗದ ಕೈ ಕೊಟ್ಟು ಮನೆಗೆ ಹೋಗಬೇಕು. ಮಗಳ ಸ್ಕೂಲು, ಅತ್ತೆಯ ಕಾಲು, ನನ್ನದೊಂದೇ ದುಡಿಮೆ. ಭಯವಾಗುತ್ತಿದೆ. ಸುಳ್ಳು ಯಾಕೆ, ತುಂಬಾ ಭಯವಾಗುತ್ತಿದೆ.

ಏಪ್ರಿಲ್ 7, ಸೋಮವಾರ. ಕ್ಯಾಬಿನ್

ಮ್ಯಾನೇಜರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ. ಲೆಕ್ಕ ಮಾಡಲು ಕೈಗೆ ಸಿಕ್ಕಿದ್ದು ಇದೇ ಪುಸ್ತಕ.

ಅತ್ತೆಯ ಜಾಗಕ್ಕೆ ಹೊಸ ಹೆಂಗಸು ಬಂದಿದ್ದಾಳೆ. ಬೆಳಗ್ಗೆ ಗೇಟಿನಲ್ಲಿ ಸಿಕ್ಕಾಗ ನಿನ್ನ ತೂಕ ಎಷ್ಟಮ್ಮ ಎಂದು ಕೇಳಿದೆ. "ಯಾರಿಗ್ಗೊತ್ತಕ್ಕ, ಯಾರೂ ತೂಗಿಲ್ಲ" ಎಂದು ನಕ್ಕಳು. ಈಗ ಹಾರ್ನ್ ಗಾಡಿ ಗುಡಿಸಲು ಹತ್ತಿದ್ದನ್ನು ನೋಡಿದೆ. ಧಡ್ ಧಡ್ ಕೇಳಿಸಿತು. ಯಾವ ಗಾಡಿಯದೋ. ಇಳಿದದ್ದು ನೋಡಲಿಲ್ಲ. ಮ್ಯಾನೇಜರ್ ಅಡ್ಡ ನಿಂತಿದ್ದರು.

ಗಾಡಿ ಬ್ರಿಡ್ಜ್ ಮೇಲೆ ಬಂತು. ಕೈ ಅಡ್ಡ ಹಿಡಿದೆ.

"ಬೀಗದ ಕೈ ಕೊಡಮ್ಮ" ಎಂದರು ಹಿಂದಿನಿಂದ.

ಹಿಂದಿನ ಗಾಡಿಗಳು ಒಂದೇ ಸಮ ಅರಚಿಕೊಳ್ಳುತ್ತಿವೆ. ಹಾರ್ನ್ ಇಂಜಿನ್ ಆಫ್ ಮಾಡಿದ. ಗಾಡಿಯ ಕೀಲಿ ಕಿತ್ತು ಕಿಟಕಿಯಿಂದ ಹೊರಗೆ ಹಿಡಿದು ನನಗೆ ತೋರಿಸಿದ. "ಅಕ್ಕ ಹೇಳೋ ತನಕ ಗಾಡಿ ಎತ್ತಲ್ಲ ಸಾರ್!"

"ಏನಮ್ಮಾ, ಕಿವಿ ಕೇಳಿಸ್ತಾ?"

ಕೇಳಿಸಿತು. ಬೀಗದ ಕೈ ಮೇಜಿನ ಮೇಲಿಟ್ಟಿದ್ದೇನೆ, ತೆಗೆದುಕೊಳ್ಳಲಿ. ಸ್ಕ್ರೀನಿನಲ್ಲಿ ಅಂಕಿ ಇನ್ನೂ ಅಲ್ಲಾಡುತ್ತಿದೆ.

9,400 + 80 + x =