ಡಬ್ಬಿಯ ತೂಕ ಮರೆತ ಇಬ್ಬರ ಪರವಾಗಿ

ಶಿಸ್ತು ಸಮಿತಿಯ ಅಧ್ಯಕ್ಷರೇ,

ಕೂಡಿ ಕಲಿಯಿರಿ ಎಂದು ಪ್ರಯೋಗಾಲಯದ ಗೋಡೆಗೆ ಬರೆಸಿದವರೂ ನೀವೇ, ಕೂಡಿ ಬರೆದಿರಿ ಎಂದು ನನಗೂ ನನ್ನ ಗೆಳತಿಗೂ ಸೊನ್ನೆ ಕೊಟ್ಟವರೂ ನೀವೇ. ಸೊನ್ನೆಗೆ ನನ್ನ ತಕರಾರಿಲ್ಲ. ಇವೆರಡರ ನಡುವಿನ ಗೆರೆಯನ್ನು ಮೊದಲೇ ಯಾಕೆ ತೋರಿಸಲಿಲ್ಲ ಎಂಬುದೇ ನನ್ನ ಜಗಳ.

ನಾನು ಹದಿನೆಂಟು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದು, ನಲವತ್ತಮೂರನೇ ವಯಸ್ಸಿನಲ್ಲಿ ಮಣ್ಣು ವಿಜ್ಞಾನ ಓದಲು ಬಂದವಳು. ತರಗತಿಯಲ್ಲಿ ಎಲ್ಲರೂ ಮೇಡಂ ಅನ್ನುತ್ತಿದ್ದರು, ಪಕ್ಕದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಏಳನೇ ವಾರ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಬಂದು, "ಅಕ್ಕ, ಇಲ್ಲಿ ಯಾರಾದ್ರೂ ಬರ್ತಾರಾ?" ಅಂದಳು. ಆ 'ಅಕ್ಕ' ಕೇಳಿ ನನಗೆ ಎಷ್ಟು ಹಿತವಾಯಿತೆಂದು ನಿಮ್ಮ ಸಮಿತಿಗೆ ಹೇಗೆ ವಿವರಿಸಲಿ?

ಮಣ್ಣಿನ ತೇವಾಂಶದ ಪ್ರಯೋಗದಲ್ಲಿ ಅಳತೆ ಜೊತೆಯಾಗಿ, ವರದಿ ಬೇರೆ ಬೇರೆ. ಸಲ್ಲಿಸುವ ಮುನ್ನಾದಿನ ಗುಬ್ಬಿಗೆ ಜ್ವರ. "ನಿಮ್ದು ಕಳಿಸ್ತೀರಾ ಅಕ್ಕ? ಹೇಗೆ ಬರ್ದಿದೀರ ಅಂತ ನೋಡ್ಬಿಟ್ಟು ನಂದು ನಾನೇ ಬರೀತೀನಿ." ಕಳಿಸಿದೆ. ಅಂಗಡಿಯಲ್ಲಿ ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಹೊಲಿಯುತ್ತಿದ್ದರು, ಮತ್ತೊಬ್ಬರು ಗುಂಡಿ ಹಾಕುತ್ತಿದ್ದರು. ಅಂಗಿ ಯಾರ ಕೈಯದೆಂದು ಯಾರೂ ಕೇಳಲಿಲ್ಲ. ಆದರೆ ಮಣ್ಣು ಒಣಗಿಸಿದ ಡಬ್ಬಿಯ ತೂಕ ಕಳೆಯಲು ನಾನು ಮರೆತಿದ್ದೆ. ಅವಳೂ ಮರೆತಳು, ಅದೇ ಸಾಲಿನಲ್ಲಿ, ಅದೇ ದಶಾಂಶದವರೆಗೆ!

"ಕೊಟ್ಟವರೂ ಪಾಲುದಾರರೇ. ಗೊತ್ತಿರ್ಲಿಲ್ವಾ?" ಎಂದಿರಿ ನೀವು, ವಿಚಾರಣೆಯ ದಿನ.

"ಇಲ್ಲ ಸರ್. ನಕಲು ಮಾಡಿದ್ರೆ ಮಾತ್ರ ತಪ್ಪು ಅನ್ಕೊಂಡಿದ್ದೆ."

"ಕೈಪಿಡಿಯ ಅರವತ್ತೆರಡನೇ ಪುಟದಲ್ಲಿದೆಯಲ್ರೀ."

ಆಹಾ, ಎಂಥ ಕಾಳಜಿ! ರಸ್ತೆಯ ಗುಂಡಿಯನ್ನು ತೋರಿಸುವ ಫಲಕವನ್ನು ಗುಂಡಿಯೊಳಗೇ ನೆಟ್ಟಿದ್ದೀರಿ. ಕೊನೆಗೆ ಸೊನ್ನೆ ತೆಗೆದುಕೊಂಡು ನಾನೇ ಅರ್ಥ ಮಾಡಿಕೊಂಡೆ. ಅಂಗಡಿಗೆ ಬೇಕಿದ್ದದ್ದು ಅಂಗಿ. ನಿಮಗೆ ಬೇಕಿರುವುದು ನನ್ನ ಕೈಗೆ ಕತ್ತರಿಸಲು ಬರುತ್ತದೆಯೇ ಎಂಬ ಉತ್ತರ. ಪ್ರಯೋಗ ಯಾಕೆ ಹಾಗಾಯಿತೆಂದು ಗುಬ್ಬಿಯ ಜೊತೆ ಗಂಟೆಗಟ್ಟಲೆ ವಾದಿಸಬಹುದು, ಬರೆಯುವಾಗ ಮಾತ್ರ ಅವಳ ಹಾಳೆ ನನ್ನೆದುರು, ನನ್ನದು ಅವಳೆದುರು ಇರಕೂಡದು. ಇಷ್ಟು ಹೇಳಲು ಹತ್ತು ನಿಮಿಷ ಸಾಕಿತ್ತು. ಹೇಳಿದ್ದರೆ, ಅವಳು ಕೇಳಿದಾಗ ವರದಿ ಕಳಿಸುವ ಬದಲು ಫೋನಿನಲ್ಲಿ ಪ್ರಯೋಗ ವಿವರಿಸುತ್ತಿದ್ದೆ. ಹೇಳುವಾಗಲೇ ಡಬ್ಬಿಯೂ ನೆನಪಾಗುತ್ತಿತ್ತೋ ಏನೋ.

ಈಗ 'ಮುಂದಿನ ಆದೇಶದವರೆಗೆ ಇಬ್ಬರೂ ಓದಿನ ವಿಷಯದಲ್ಲಿ ಸಂಪರ್ಕಿಸತಕ್ಕದ್ದಲ್ಲ' ಎಂಬ ನಿಮ್ಮ ಕಾಗದ ಬಂದಿದೆ. ಗುಬ್ಬಿ ಹೆದರಿ ಮುಂದಿನ ಸಾಲಿಗೆ ಹೋದಳು. ಮೆಟ್ಟಿಲ ಬಳಿ ಎದುರಾದರೆ ಫೋನು ನೋಡುತ್ತಾಳೆ. ಜ್ವರ ಬಿಟ್ಟಿತಾ ಎಂದು ಕೇಳಲೂ ನನಗೆ ಭಯ, ಅದು ಓದಿನ ವಿಷಯವೋ ಅಲ್ಲವೋ ಯಾರಿಗೆ ಗೊತ್ತು?

ನನ್ನ ಬೇಡಿಕೆ ಇಷ್ಟೇ. ಮೊದಲ ವಾರವೇ ಹೊಸಬರ ಮುಂದೆ ಎರಡು ವರದಿ ಇಟ್ಟು, ಇದು ಚರ್ಚೆ, ಇದು ಅಕ್ರಮ ಸಹಯೋಗ ಎಂದು ಬಾಯಿಬಿಟ್ಟು ಹೇಳಿ. ಬೇಕಾದರೆ ನಮ್ಮವೇ ಇಡಿ, ನಾಚಿಕೆ ಸಾಕಷ್ಟು ಆಗಿದೆ. ಸೊನ್ನೆ ಹಾಗೇ ಇರಲಿ, ಆ ಆದೇಶ ಹಿಂತೆಗೆದುಕೊಳ್ಳಿ. ನನಗೆ ಅವಳ ಹಾಳೆ ಬೇಡ, ಅವಳು ಬೇಕು.

ಈ ಪತ್ರಕ್ಕೆ ಯಾರ ಸಹಾಯವನ್ನೂ ಪಡೆದಿಲ್ಲ ಎಂದು ದೃಢೀಕರಿಸುತ್ತೇನೆ. ಬರೆದ ಮೇಲೆ ಓದಿ ನೋಡು ಎನ್ನಲೂ ಯಾರೂ ಇರಲಿಲ್ಲ.

ಇಂತಿ,
ಸಂಪೂರ್ಣವಾಗಿ ಸ್ವಂತ ಕೃತಿಯಾಗಿ,
ಹಿಂದಿನ ಸಾಲಿನ ಅಕ್ಕ