ಕುಮಾರಿ ಚಂದ್ರಿಕಾ ಮತ್ತು ಮೂರನೆಯ ರೀಲು

ಪ್ರೀತಿಯ ಮಾವನವರಿಗೆ ಸೊಸೆ ಪದ್ಮಲತಾ ಮಾಡುವ ನಮಸ್ಕಾರಗಳು. ಅಲ್ಲಿ ಅಂಚೆ ಉಂಟೋ ಇಲ್ಲವೋ ಗೊತ್ತಿಲ್ಲ. ಉಂಟಾದರೆ ದಯವಿಟ್ಟು ಕೂತುಕೊಂಡು ಓದಿ, ಯಾಕೆಂದರೆ ಮೊದಲು ನಿಮ್ಮ ಹತ್ತಿರ ಸ್ವಲ್ಪ ಜಗಳ ಮಾಡಲಿಕ್ಕುಂಟು.

ನೀವು ಹೋದ ಮೇಲಿನ ಮೊದಲ ಬೇಸಗೆಯಲ್ಲಿ ಅಟ್ಟ ಗುಡಿಸಲಿಕ್ಕೆ ನಾನು ಹತ್ತಿದ ದಿನ ನೆನಪಾಗುತ್ತದೆ. ನಿಮ್ಮ ಮರದ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಹುಳಿ ಹುಳಿ ವಾಸನೆ ಮನೆಯಿಡೀ ಹರಡಿತು. ಅತ್ತೆ ಕೆಳಗಿನಿಂದಲೇ ಮೂಗು ಮುಚ್ಚಿಕೊಂಡು, "ಕಳ್ಳು! ಐವತ್ತು ವರ್ಷ ಸಂಸಾರ ಮಾಡಿದೆ, ಒಂದು ದಿನ ಗೊತ್ತಾಗ್ಲಿಲ್ಲ ಮಾರಾಯ್ತಿ!" ಎಂದರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ, ನೀರನ್ನೂ ಸೋಸಿ ಕುಡಿದು, ನಾರಾವಿಯ ಬಸದಿಯಲ್ಲಿ ವ್ರತದ ಬಗ್ಗೆ ಭಾಷಣ ಮಾಡುತ್ತಿದ್ದ ನಿಮ್ಮ ಮೇಲೆ ಈ ಆರೋಪ! ಪೆಟ್ಟಿಗೆಯಲ್ಲಿದ್ದದ್ದು ಐದು ತಗಡಿನ ಡಬ್ಬ, ಒಳಗೆ ರೀಲು. ನೀವು ಪ್ರಾಯದಲ್ಲಿ ಮಾಡಿದ ಒಂದೇ ಒಂದು ತುಳು ಸಿನಿಮಾ. ನೀವೇ ನಿರ್ದೇಶಕ, ನೀವೇ ನಾಯಕ. ಬಂಟ್ವಾಳದಲ್ಲಿ ಒಂದು ವಾರ ಓಡಿ ಸುಸ್ತಾಗಿ ಕೂತದ್ದು.

ನಿಮ್ಮ ಮಗ ಕಾಗದ ಬರೆದ ಮೇಲೆ ಬೆಂಗಳೂರಿನಿಂದ ಮೀರಾ ಎಂಬ ಹುಡುಗಿ ಬಂದದ್ದು ನೀವು ನೋಡಬೇಕಿತ್ತು. ಹಳೆಯ ಸಿನಿಮಾಗಳನ್ನು ಉಳಿಸುವ ಟ್ರಸ್ಟಿನವಳು. ಲಾಭದ ವ್ಯಾಪಾರ ಅಲ್ಲ, ಒಂದೊಂದು ಸಿನಿಮಾಕ್ಕೂ ದಾನಿಗಳ ಬಾಗಿಲು ತಟ್ಟಿ ದುಡ್ಡು ತರುವವರು. ಡಬ್ಬ ಮೂಸಿ ನೋಡಿ ಅವಳಿಗೆ ಎಷ್ಟು ಖುಷಿಯೋ! "ಇದು ಫಿಲ್ಮು ಕೊಳೆಯೋ ವಾಸನೆ ಆಂಟಿ. ಬೇಗ ಸರಿ ಮಾಡ್ಬೇಕು, ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತೆ. ಆ ಕಾಲದ ತುಳು ಮಾತು, ಆ ಗದ್ದೆ, ಆ ಮುಖಗಳು ಇನ್ನೆಲ್ಲೂ ಸಿಗಲ್ಲ" ಎಂದಳು. ಹೆಚ್ಚಿನ ಖರ್ಚು ದಾನಿಗಳದ್ದು. ಆದರೆ ಅವರದ್ದು ಎರಡು ಷರತ್ತು. ಊರಿನವರು ಸ್ವಲ್ಪವಾದರೂ ಹಾಕಬೇಕು, ಊರಿಗೇ ಬೇಡದ ಸಿನಿಮಾಕ್ಕೆ ದೂರದವರು ಯಾಕೆ ಕೊಡಬೇಕು? ಮತ್ತೆ, ಸಿನಿಮಾದ ಹಕ್ಕು ಈಗ ಅತ್ತೆಯದ್ದಾದ್ದರಿಂದ ಅವರು ಒಪ್ಪಿ ಸಹಿ ಹಾಕಬೇಕು. ಅಲ್ಲಿಯವರೆಗೆ ರೀಲು ಮುಟ್ಟುವ ಹಾಗಿಲ್ಲ.

"ಆ ಕುಮಾರಿ ಚಂದ್ರಿಕಾಳನ್ನು ಉಳಿಸ್ಲಿಕ್ಕೆ ನಾನು ಸಹಿ ಹಾಕುವುದಾ?" ಎಂದು ಅತ್ತೆ ಪೆನ್ನು ದೂರ ತಳ್ಳಿದರು. "ಹುಳಿಯಾಗಿ ಸಾಯ್ಲಿ." ನನಗೆ ಅವತ್ತೇ ಗೊತ್ತಾದದ್ದು. ನಿಮ್ಮ ಸಿನಿಮಾದ ನಾಯಕಿ ಕುಮಾರಿ ಚಂದ್ರಿಕಾ ಯಾರು ಎಂದು ಮದುವೆಯಾದ ಹೊಸತರಲ್ಲಿ, ಶೂಟಿಂಗ್ ನಡೆಯುತ್ತಿದ್ದಾಗಲೇ, ಅತ್ತೆ ಕೇಳಿದರಂತೆ. "ಒಬ್ಬರು ಕಲಾವಿದರು" ಎಂದು ಹೇಳಿ ನೀವು ಬಾಯಿಗೆ ಬೀಗ ಹಾಕಿದಿರಂತೆ. ಹೊಸ ಹೆಂಡತಿಗೆ ಹೀಗೆ ಉತ್ತರ ಕೊಡುವವರುಂಟಾ ಮಾವ? ಸಿಟ್ಟಿನಲ್ಲಿ ಅತ್ತೆ ಆ ಸಿನಿಮಾ ನೋಡಲೇ ಇಲ್ಲ. ನೀವೂ ಮತ್ತೆ ಆ ಮಾತು ಎತ್ತಲಿಲ್ಲ.

ವಂತಿಗೆಗೆ ಹೊರಟ ಕತೆ ಕೇಳಿದರೆ ನೀವು ನಗುತ್ತೀರಿ. ನಮ್ಮ ಕಡೆ ಸಮಿತಿ ಇಲ್ಲದೆ ಯಾರು ಕೈ ಬಿಚ್ಚುತ್ತಾರೆ? "ಚಿತ್ರ ಜೀರ್ಣೋದ್ಧಾರ ಸಮಿತಿ" ಎಂದು ರಶೀದಿ ಪುಸ್ತಕ ಮಾಡಿಸಿದೆ. ಜೀರ್ಣೋದ್ಧಾರ ಎಂದು ಕಂಡದ್ದೇ ಎಲ್ಲರೂ, "ಯಾವ ದೇವಸ್ಥಾನದ್ದು?" ಎಂದು ಚಪ್ಪಲಿ ಕಳಚಿ ಕೇಳಿದರು. ಒಬ್ಬರು, "ಟ್ಯೂಬ್‌ಲೈಟಾದ್ರೆ ಅದರ ಮೇಲೆ ಹೆಸರು ಬರೆಸ್ಬಹುದು. ರೀಲಿನಲ್ಲಿ ಎಲ್ಲಿ ಬರೆಸುವುದು?" ಎಂದು ನ್ಯಾಯವಾಗಿಯೇ ಕೇಳಿದರು. ಮೆಲ್ಕಾರಿನಲ್ಲಿ ಅಂಗಡಿ ಇಟ್ಟಿರುವ ಹಮೀದ್ ಬ್ಯಾರಿ ಮಾತ್ರ ಕುರ್ಚಿಯಿಂದ ಎದ್ದರು. "ಶೂಟಿಂಗಿಗೆ ಲಾರಿ ಕೊಟ್ಟದ್ದು ನಮ್ಮ ಬಾಪ. ಲಾರಿ ಕಾಣ್ತದಾ ಅದರಲ್ಲಿ? ಕಾಣ್ತದಾದ್ರೆ ಬರೀರಿ, ದೊಡ್ಡದೇ ಬರೀರಿ." ಕಾಣ್ತದೆ ಎಂದು ನಾನು ಧೈರ್ಯದಲ್ಲಿ ಬರೆದೆ.

ಎಂಟು ತಿಂಗಳಲ್ಲಿ ಊರಿನ ಪಾಲು ಹೆಚ್ಚುಕಡಿಮೆ ಕೂಡಿತು, ಅತ್ತೆಯ ಸಹಿ ಮಾತ್ರ ಆಗಲಿಲ್ಲ. ಕೊನೆಗೆ ಸಿದ್ಧಕಟ್ಟೆಯ ವಾಸಣ್ಣನ ಮನೆಗೆ ರಶೀದಿ ಪುಸ್ತಕ ಹಿಡಿದುಕೊಂಡು ಹೋದೆ. ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡಿ ನಿವೃತ್ತರಾದ ನಿಮ್ಮ ಗೆಳೆಯ. ಸಿನಿಮಾ ಎಂದದ್ದೇ ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಯಾರಿಗೂ ಹೇಳುವುದಿಲ್ಲ ಅಂತ ನಿಮ್ಮ ಮಾವ ಮಾತು ಕೊಟ್ಟಿದ್ರು. ನಾನು ಸಿನಿಮಾಕ್ಕೆ ಹೋದದ್ದು ಮೇಳದ ಯಜಮಾನ್ರಿಗೆ ಗೊತ್ತಾಗಿದ್ರೆ ನನ್ನ ಗೆಜ್ಜೆ ಬಿಚ್ಚಿಸ್ತಿದ್ರು. ಕುಮಾರಿ ಚಂದ್ರಿಕಾ... ನಾನೇ ಅಮ್ಮ." ಅಲ್ಲ ಮಾವ, ಅವರು ಮೇಳ ಬಿಟ್ಟೇ ಇಪ್ಪತ್ತು ವರ್ಷವಾಯಿತಲ್ಲ? ಅನಂತರವಾದರೂ ಹೆಂಡತಿಯ ಕಿವಿಯಲ್ಲಿ ಒಂದು ಮಾತು ಹೇಳಬಾರದಿತ್ತೇ?

ಮರುದಿನ ಬೆಳಿಗ್ಗೆ ವಾಸಣ್ಣ ನಮ್ಮ ಚಾವಡಿಗೆ ಬಂದರು. ಬೋಳು ತಲೆ, ಬಾಯಲ್ಲಿ ನಾಲ್ಕು ಹಲ್ಲು. ಅತ್ತೆಯ ಎದುರು ಹೆಗಲ ಮೇಲಿದ್ದ ಬೈರಾಸನ್ನು ತಲೆಗೆ ಸೆರಗಿನ ಹಾಗೆ ಎಳೆದುಕೊಂಡು, ಒಂದು ಕೈ ಸೊಂಟಕ್ಕಿಟ್ಟು ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರು. ಎಂಥ ನೋಟ ಅದು! ಅತ್ತೆ ಎದ್ದು ನಿಂತರು. "ಇವನಾ? ಈ ಬೋಳನಿಗೆ ಬೇಕಾಗಿ ನಾನು ಐವತ್ತು ವರ್ಷ ಉರಿದದ್ದಾ?" ಎಂದವರು ನಗಲಿಕ್ಕೆ ಸುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡು, "ಎಲ್ಲಿ ಆ ಕಾಗದ?" ಎಂದರು.

ಮೀರಾ ಫೋನು ಮಾಡಿದ ದಿನ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ. ನಾಲ್ಕು ರೀಲು ಉಳಿದಿತ್ತು. ಮೂರನೆಯದು ಅಂಟಿ ಗಟ್ಟಿಯಾಗಿ ಬಿಡಿಸಲಿಕ್ಕೆ ಬಾರದ ಹಾಗಾಗಿತ್ತು. ಮೊದಲೇ ಸಿಕ್ಕಿದ್ದರೆ ಆಗುತ್ತಿತ್ತು ಎಂದು ಅವಳು ಹೇಳಬಾರದಿತ್ತು, ಹೇಳಿದಳು. ಅತ್ತೆ ಆ ದಿನ ಊಟ ಮಾಡಲಿಲ್ಲ. "ನಾನು ಹಟ ಮಾಡದಿದ್ರೆ ಉಳೀತಿತ್ತಲ್ಲ?" ಎಂದು ನನ್ನನ್ನು ಕೇಳಿದರು. ಅದು ನಿಜವೇ ಆಗಿತ್ತಲ್ಲ ಮಾವ...

ಮೊನ್ನೆ ಭಾನುವಾರ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ನಿಮ್ಮ ಸಿನಿಮಾ ತೋರಿಸಿದರು. ಅತ್ತೆಯ ಸಂಜೆಯ ಊಟದ ಹೊತ್ತು ತಪ್ಪಬಾರದೆಂದು ಮಧ್ಯಾಹ್ನವೇ ಇಟ್ಟಿದ್ದೆವು. ಲಾರಿ ಬಂತು! ಹಮೀದ್ ಬ್ಯಾರಿ ಎದ್ದು ನಿಂತು, "ಅದು ನಮ್ದು!" ಎಂದು ಕೂಗಿದರು, ಹಿಂದಿನವರು ಕೂರಿಸಿದರು. ಮೀಸೆ ತಿರುವುವ ನಿಮ್ಮನ್ನು ನೋಡಿ ಅತ್ತೆ, "ಅಬ್ಬ, ಎಂಥ ಜಂಬ" ಎಂದರು. ಮತ್ತೆ ಮೂರನೆಯ ರೀಲಿನ ಜಾಗ ಬಂತು, ಪರದೆ ಖಾಲಿಯಾಯಿತು. ಇಲ್ಲಿ ಒಂದು ಭಾಗ ನಷ್ಟವಾಗಿದೆ ಎಂದು ಮೀರಾ ಹೇಳುವಷ್ಟರಲ್ಲಿ ಮುಂದಿನ ಸಾಲಿನಿಂದ ವಾಸಣ್ಣ ಎದ್ದು, ಆ ಹಳೆಯ ಹೆಣ್ಣು ದನಿಯಲ್ಲಿ ನಾಯಕಿಯ ಮಾತು ಹೇಳಲಿಕ್ಕೆ ತೊಡಗಿದರು. ಯಾರೋ ಕಿಸಕ್ಕೆಂದು ನಕ್ಕರು. "ಹೋಗುವುದಾದರೆ ಒಂದು ಮಾತು ಹೇಳಿ ಹೋಗಬಾರದಾ?" ಎಂದು ಕೇಳಿ ವಾಸಣ್ಣ ನಿಲ್ಲಿಸಿದರು. ನಾಯಕ ಉತ್ತರ ಕೊಡಬೇಕಾದ ಜಾಗ ಅದು. ಕೊಡಲಿಕ್ಕೆ ನೀವೆಲ್ಲಿದ್ದೀರಿ?

ಆಗ ನನ್ನ ಪಕ್ಕದಲ್ಲಿ ಅತ್ತೆ ಎದ್ದು ನಿಂತರು. "ಹೇಳಿದರೆ ಹೋಗ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಹೇಳ್ಲಿಲ್ಲ" ಎಂದರು.

ಇಡೀ ದೃಶ್ಯ ಹಾಗೆಯೇ ನಡೆಯಿತು. ಶೂಟಿಂಗಿನ ದಿನಗಳಲ್ಲಿ ನೀವು ಹಟ್ಟಿಯಲ್ಲಿ ಎಮ್ಮೆಗಳ ಮುಂದೆ ಅಭ್ಯಾಸ ಮಾಡುತ್ತಿದ್ದಾಗ, ಆ ಚಂದ್ರಿಕಾಳಿಗೆ ಏನೇನು ಹೇಳುತ್ತಾರೆ ನೋಡುವ ಎಂದು ಅತ್ತೆ ಗೋಡೆಯ ಹಿಂದೆ ನಿಂತು ಕೇಳಿದ್ದರಂತೆ, ದಿನಾಲೂ. ಒಂದು ಮಾತೂ ಮರೆತಿರಲಿಲ್ಲ. ಮೀರಾ ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಾಳೆ. ಟ್ರಸ್ಟಿನವರು ಇಡುವ ಪ್ರತಿಯಲ್ಲಿ ಅದನ್ನು ಆ ಖಾಲಿ ಜಾಗಕ್ಕೆ ಸೇರಿಸುತ್ತಾರಂತೆ. ಇನ್ನು ಮುಂದೆ ಯಾವ ಊರಿನವರು ನೋಡಿದರೂ, ಮೂರನೆಯ ರೀಲಿನಲ್ಲಿ ನಿಮ್ಮ ಮಾತನ್ನು ಅತ್ತೆಯೇ ಆಡುತ್ತಾರೆ, ಮಾವ.

ನಿಮ್ಮ ಸೊಸೆ,
ಪದ್ಮಲತಾ